ಹಂಡೆ ಹೊಳೆದ ಭಾನುವಾರ

ನಮ್ಮ ನಡುಮನೆಯಲ್ಲಿ, ಟಿವಿಗೂ ದೇವರ ಕೋಣೆಯ ಬಾಗಿಲಿಗೂ ನಡುವೆ, ಒಂದು ಕೊಲೆ ಬಹಳ ನಿಧಾನವಾಗಿ ನಡೆಯುತ್ತಿತ್ತು. ಕೊಲೆಗಾರ ನನ್ನ ಹೆಬ್ಬೆರಳಿನಷ್ಟಿದ್ದ. ಕಡುನೀಲಿ ಮೈ, ಹಳದಿ ಬಾಲ. ಡ್ಯಾಮ್ಸೆಲ್ ಎಂದು ಅದರ ಹೆಸರು. ಕೊಡುವಾಗ ಅಂಗಡಿಯವನು, “ಗಟ್ಟಿ ಮೀನು ಸಾರ್, ಏನ್ ಮಾಡಿದ್ರೂ ಸಾಯಲ್ಲ” ಎಂದಿದ್ದ. ತಾನು ಸಾಯುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಉಳಿದವರ ಗತಿ ಏನು ಎಂದು ನಾನು ಕೇಳಬೇಕಿತ್ತು. ಬಸ್ಸು ಹತ್ತುವ ಮೊದಲು ಟೈರು ನೋಡುವವನು ನಾನು, ಹೋಟೆಲಿನಲ್ಲಿ ಕೂರುವ ಮೊದಲು ತಲೆಯ ಮೇಲಿನ ಫ್ಯಾನಿನ ನಟ್ಟು ನೋಡುವವನು. ಆದರೂ ಅದೊಂದನ್ನು ಕೇಳಲಿಲ್ಲ.

ಸಾಯುತ್ತಿದ್ದದ್ದು ಕ್ಲೌನ್ ಮೀನುಗಳ ಜೋಡಿಯಲ್ಲಿ ಚಿಕ್ಕದು. ಕಿತ್ತಳೆ ಮೈಗೆ ಸುಣ್ಣದ ಪಟ್ಟೆ ಬಳಿದಂತಿರುವ ಮೀನುಗಳು. ಆ ಜಾತಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಗಂಡು ಹೆದರಿಕೊಂಡೇ ಬದುಕಬೇಕು. ಇದನ್ನು ಹೆಂಡತಿಗೆ ವಿವರಿಸಿದಾಗ ಅವಳು, “ಅದಕ್ಕೇ ಅದನ್ನ ಕಂಡ್ರೆ ನಂಗೆ ಅಷ್ಟು ಪಾಪ ಅನ್ಸೋದು, ನಿಮ್ಮ ಹಾಗೇ ಇದೆ” ಎಂದಳು.

ಮೊದಮೊದಲು ಆ ಉಪ್ಪುನೀರಿನ ಟ್ಯಾಂಕನ್ನು ಅತಿ ಹೆಚ್ಚು ವಿರೋಧಿಸಿದವಳು ಅವಳೇ. ಈರುಳ್ಳಿಗೂ ಏಕಾದಶಿಯ ರಜೆ ಕೊಡುವ ಮನೆ ನಮ್ಮದು. ಅಂಥ ಮನೆಯ ಫ್ರೀಜರಿನಲ್ಲಿ, ಹಸಿ ಬಟಾಣಿಯ ಹಿಂದೆ, ಐಸ್‌ಕ್ರೀಮ್ ಡಬ್ಬಿಯೊಳಗೆ ಮೀನಿಗೆ ಹಾಕುವ ಸಿಗಡಿ ಕೂತಿತ್ತು. ನೆಂಟರ ಮಕ್ಕಳು ಬಂದಾಗಲೆಲ್ಲ ಆ ಡಬ್ಬಿಯ ಕಾವಲಿಗೆ ನಾನೇ ನಿಲ್ಲಬೇಕಾಗುತ್ತಿತ್ತು. ಆದರೆ ಚಿಕ್ಕ ಮೀನು ಯಾವಾಗಲೋ ಅವಳನ್ನು ಒಲಿಸಿಕೊಂಡಿತು. ಅವಳು ಟ್ಯಾಂಕಿನ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯುವಾಗ ಅದು ಗಾಜಿನ ಹತ್ತಿರ ಬರುತ್ತಿತ್ತು. ನೀರಿಗೆ ಬೆರಳು ಅದ್ದಿದರೆ ಬೆರಳಿನ ಪಕ್ಕ ಬಂದು ನಿಲ್ಲುತ್ತಿತ್ತು. ನಾನು ಬೆರಳು ಅದ್ದಿದರೆ ಓಡುತ್ತಿತ್ತು.

ಆ ಮೀನಿನ ಬಾಲ ಈಗ ಅರ್ಧ ಉಳಿದಿತ್ತು. ಡ್ಯಾಮ್ಸೆಲ್ ಮಧ್ಯದ ಬಂಡೆಯ ಗವಿಯಲ್ಲಿ ಕೂತು, ಟ್ಯಾಂಕಿನ ಮುಕ್ಕಾಲು ಭಾಗ ತನ್ನದೆಂದು ತೀರ್ಮಾನಿಸಿತ್ತು. ಚಿಕ್ಕದು ಊಟಕ್ಕೆ ಹೊರಬಂದರೆ ಸಾಕು, ಬಾಣದಂತೆ ಬಂದು ಪಕ್ಕೆಗೆ ಗುದ್ದಿ, ಒಂದು ತುಣುಕು ಚರ್ಮ ಹರಿದುಕೊಂಡು ವಾಪಸು ಹೋಗುತ್ತಿತ್ತು. ಹರಿದ ಚರ್ಮವನ್ನು ತಿನ್ನುತ್ತಲೂ ಇರಲಿಲ್ಲ, ಉಗುಳುತ್ತಿತ್ತು. ನನ್ನನ್ನು ಹೆದರಿಸಿದ್ದು ಆ ಉಗುಳುವಿಕೆ. ಚಿಕ್ಕದು ತನ್ನ ಹವಳದೊಳಗೆ ಮುದುಡಿ ಮಲಗುತ್ತಿತ್ತು. ಹವಳ ಎಂದರೆ ಉಂಗುರದ ಕಲ್ಲಲ್ಲ. ಜೀವವಿರುವ, ತುದಿ ಸುತ್ತಿಗೆಯಂತಿರುವ ಹಸಿರು ಬೆರಳುಗಳ ಗೊಂಚಲು. ಪಕ್ಕಕ್ಕೆ ಬಂದ ಬೇರೆ ಹವಳವನ್ನು ಅದೂ ಕುಟುಕಿ ಸುಟ್ಟು ಬಿಳಿ ಎಲುಬು ಮಾಡುತ್ತದೆ. ನೆಂಟರು ಬಂದು, “ಎಷ್ಟು ಶಾಂತವಾಗಿದೆ ಅಲ್ವಾ, ನೋಡ್ತಾ ಕೂತ್ರೆ ಬಿಪಿ ಇಳಿಯುತ್ತೆ” ಎನ್ನುತ್ತಿದ್ದರು. ನಾನು ಹೂಂಗುಟ್ಟಿ ಬಿಪಿ ಮಾತ್ರೆ ನುಂಗುತ್ತಿದ್ದೆ.

ಒಂದು ದಿನ ಚಿಕ್ಕದರ ಒಂದು ಕಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಹೆಂಡತಿ ಹುರುಳಿಕಾಯಿ ಬುಟ್ಟಿ ಕೆಳಗಿಟ್ಟಳು.

“ರೀ, ಅದು ಸತ್ರೆ ಈ ಗಾಜಿನ ಡಬ್ಬಿ ಎತ್ತಿ ರಸ್ತೆಗೆ ಎಸೀತೀನಿ. ನಿಮ್ಮನ್ನೂ ಸೇರ್ಸಿ.”

ಬಲೆ ಹಾಕಿ ಹಿಡಿಯಲು ನೋಡಿದ್ದಾಗಿತ್ತು. ಬಲೆ ಕಂಡರೆ ಡ್ಯಾಮ್ಸೆಲ್ ಬಂಡೆಯೊಳಗೆ ಹೋಗಿ, ನಾನು ಬೆವರಿ ಸುಸ್ತಾಗಿ ಕೂತ ಮೇಲೆ ಹೊರಬಂದು ಚಿಕ್ಕದಕ್ಕೆ ಎರಡು ಪೆಟ್ಟು ಹೆಚ್ಚಿಗೆ ಕೊಡುತ್ತಿತ್ತು. ಬಂಡೆಗಳನ್ನೆಲ್ಲ ಕಿತ್ತು ಹೊರಗಿಡದೆ ಅದು ಸಿಗುವುದಿಲ್ಲ. ಅಷ್ಟು ಕಿತ್ತ ಮೇಲೆ, ಇವನ್ನೆಲ್ಲ ದೊಡ್ಡ ಟ್ಯಾಂಕಿಗೇ ಸಾಗಿಸಿಬಿಡಿ ಎಂದು ಫೋನಿನಲ್ಲಿ ಅಂಗಡಿಯವನು ಹೇಳಿದ. ಹೊಸ ಜಾಗದಲ್ಲಿ ಹಳೆಯ ಗವಿ ಇರುವುದಿಲ್ಲ, ರೌಡಿಗೆ ತನ್ನ ಏರಿಯಾ ಯಾವುದೆಂದು ಮರೆತುಹೋಗುತ್ತದೆ, ಉಳಿದವಕ್ಕೆ ಓಡಲು ಜಾಗವೂ ಸಿಗುತ್ತದೆ. ಗಣಿತದ ಮೇಷ್ಟ್ರಾದ ನನಗೆ ಇದು ಒಪ್ಪಿಗೆಯಾಯಿತು. ಅದೇ ಹೊಡೆತವನ್ನು ಹೆಚ್ಚು ಲೀಟರಿಗೆ ಭಾಗಿಸುವುದು.

ದೊಡ್ಡ ಟ್ಯಾಂಕು ಹುಡುಕಿದ್ದು ಭದ್ರಾವತಿಯಲ್ಲಿರುವ ಭಾವ, ಅಂದರೆ ಹೆಂಡತಿಯ ಅಣ್ಣ. ಕಾರ್ಖಾನೆಯಲ್ಲಿ ಕಬ್ಬಿಣ ಕತ್ತರಿಸಿ ನಿವೃತ್ತರಾದವರು. ಅವರಿಗೆ ಜಗತ್ತಿನ ಯಾವ ಸಮಸ್ಯೆಯೂ ಒಂದು ಏಟಿನಷ್ಟೇ ದೂರ. ನಮ್ಮ ಮಿಕ್ಸಿ, ನಮ್ಮ ಗೇಟು, ಒಮ್ಮೆ ನನ್ನ ಬೆನ್ನು, ಎಲ್ಲವನ್ನೂ ಹಾಗೆಯೇ ರಿಪೇರಿ ಮಾಡಿದ್ದರು. ಹಳೇ ನಗರದಲ್ಲಿ ಮುಚ್ಚಿಹೋದ ಹೋಟೆಲೊಂದರ ಆರಡಿ ಟ್ಯಾಂಕನ್ನು ಅವರು ಮಾತಾಡಿ ಬಿಡಿಸಿಕೊಂಡಿದ್ದರು. ಅದಕ್ಕೆ ತಾವೇ ವೆಲ್ಡ್ ಮಾಡಿದ ಸ್ಟ್ಯಾಂಡು ಆನೆ ನಿಲ್ಲಿಸುವಷ್ಟು ಗಟ್ಟಿಯಾಗಿತ್ತು.

ಅದನ್ನು ಭದ್ರಾವತಿಯಿಂದ ತರುವಾಗ ನಾನು ಲಗೇಜ್ ಆಟೋದ ಹಿಂಭಾಗದಲ್ಲಿ, ಹಳೆಯ ಹಾಸಿಗೆಗಳ ನಡುವೆ, ಗಾಜಿಗೆ ಕೆನ್ನೆ ಒತ್ತಿ ಕೂತಿದ್ದೆ. ರಸ್ತೆಯ ಪ್ರತಿ ಹಂಪ್‌ಗೂ ಕೂಗುತ್ತಿದ್ದೆ. ಕೊನೆಗೆ ಡ್ರೈವರ್ ಗಾಡಿ ನಿಲ್ಲಿಸಿಬಿಟ್ಟ.

“ಸಾಬ್, ಆಹಿಸ್ತೆ ಅಂದ್ರೆ ಆಹಿಸ್ತೆ ಹೋಗ್ತೀನಿ, ಜಲ್ದಿ ಅಂದ್ರೆ ಜಲ್ದಿ. ನೀವು ಕೂಗ್ತಾ ಇದ್ರೆ ಹಿಂದೆ ಪೇಷಂಟ್ ಇದ್ದಂಗೆ ಆಗ್ತದೆ. ಜನ ದಾರಿ ಬಿಡ್ತಾ ಇದಾರೆ.”

“ಪೇಷಂಟೇ ಅವ್ನು,” ಎಂದರು ಮುಂದೆ ಕೂತ ಭಾವ. “ಹೋಗು ನೀನು.”

ಭಾನುವಾರದ ಕೆಲಸಕ್ಕೆ ನಾನು ವಾರವಿಡೀ ಸಿದ್ಧತೆ ಮಾಡಿದ್ದೆ. ಕರೆಂಟು ಹೋದರೆ ಬ್ಯಾಟರಿ ಪಂಪು, ಬ್ಯಾಟರಿ ಕೆಟ್ಟರೆ ಇನ್ನೊಂದು ಬ್ಯಾಟರಿ. ನೀರನ್ನು ಫಿಲ್ಟರ್ ಮಾಡಿ, ಸಮುದ್ರದ ಮೀನಿಗೆಂದೇ ಸಿಗುವ ಉಪ್ಪನ್ನು ಬೆರೆಸಿ, ನೀಲಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟಿದ್ದೆ. ಇದಲ್ಲದೆ ಒಂದು ಡ್ರಮ್ಮನ್ನು ಯಾರಿಗೂ ಹೇಳದೆ ಮಹಡಿ ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದೆ. ಭಾವನ ಕಣ್ಣಿಗೆ ಬಿದ್ದರೆ ಊರೆಲ್ಲ ಹೇಳಿಕೊಂಡು ನಗುತ್ತಾರೆ ಎಂಬ ಹೆದರಿಕೆಯಿಂದ ಬೆಡ್‌ಶೀಟು.

ಬೆಳಿಗ್ಗೆ ಭಾವ ಬಂದರು. ಮಸಾಲೆ ದೋಸೆ ತಿಂದು, ಹೊಸ ಟ್ಯಾಂಕಿನ ಹಿಂಬದಿಯ ಪೈಪು ಬಿಗಿ ಮಾಡಲು ಎತ್ತರ ಸಾಲದೆ ಒಂದು ಡ್ರಮ್ಮಿನ ಮುಚ್ಚಳದ ಮೇಲೆ ಹತ್ತಿದರು. ಮುಚ್ಚಳ ಒಳಗೆ ಹೋಯಿತು, ಭಾವ ಮಂಡಿಯವರೆಗೆ ಹೋದರು, ಡ್ರಮ್ಮು ಉರುಳಿ ಪಕ್ಕೆ ಬಿರಿಯಿತು. ಸಮುದ್ರ ನಮ್ಮ ನಡುಮನೆಯಿಂದ ಹೊರಟು, ಸೋಫಾದ ಕೆಳಗೆ ಹಾಯ್ದು, ದೇವರ ಕೋಣೆಯ ಹೊಸ್ತಿಲು ತೊಳೆಯಿತು.

“ಸುನಾಮಿ ಪಾ,” ಎಂದರು ಭಾವ, ಪಂಚೆ ಹಿಂಡುತ್ತ. “ಉಪ್ಪಿನ ಪ್ಯಾಕೆಟ್ ಇನ್ನೂ ಇದ್ಯಲ್ಲ? ಬೇರೆ ನೀರು ಕಲಸಿದ್ರಾಯ್ತು. ಎಲ್ಲಿ ಕಲಸ್ಲಿ?”

ಅಷ್ಟರಲ್ಲಿ ಹಳೆಯ ಟ್ಯಾಂಕಿನ ನೀರು ಅರ್ಧಕ್ಕೆ ಇಳಿದಿತ್ತು, ನಾನು ಮೊಣಕೈವರೆಗೆ ಅದರೊಳಗಿದ್ದೆ. ಬಚ್ಚಿಟ್ಟ ಡ್ರಮ್ಮಿನ ವಿಷಯ ಬಾಯಿಗೆ ಬಂತು. ಆದರೆ ಅದು ಕೊನೆಯ ಆಪತ್ತಿಗೆ ಎಂದು ಇಟ್ಟದ್ದು, ಇದು ಮೊದಲನೆಯ ಆಪತ್ತು. “ಯಾವ್ದಾದ್ರೂ ದೊಡ್ಡ ಪಾತ್ರೆ ನೋಡಿ!” ಎಂದು ಕೂಗಿದೆ.

“ಬಚ್ಚಲಲ್ಲಿ ಹಂಡೆ ಇದ್ಯಲ್ಲ ಮಾರಾಯ! ಕೆಳಗೆ ಎರಡು ಸೌದೆ ಹಾಕಿದ್ರೆ ನಿನ್ ಮೀನಿಗೆ ಬೇಕಾದ ಬೆಚ್ಚಗೂ ಆಗುತ್ತೆ.”

ರಾಗಿಗುಡ್ಡದ ಕಡೆಯ ನಮ್ಮ ಮನೆಯ ತಾರಸಿಯ ಮೇಲೆ ಸೋಲಾರ್ ಇದೆ. ಆದರೂ ಹಿಂದಿನ ಬಚ್ಚಲಿನಲ್ಲಿ ನನ್ನ ಅಜ್ಜಿಯ ಕಾಲದ ತಾಮ್ರದ ಹಂಡೆ ಒಲೆಯ ಮೇಲೆ ಕೂತೇ ಇದೆ. ಎಣ್ಣೆಸ್ನಾನಕ್ಕೆ ಅದರ ನೀರೇ ಆಗಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಕಟ್ಟಿ ಪೂಜೆ ಮಾಡುತ್ತೇವೆ. ಶುದ್ಧ ನೀರು ಎಂದರೆ ನಮಗೆ ತಾಮ್ರದ ನೀರು. ಭಾವ ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. “ಮಾಡಿ, ಮಾಡಿ” ಎಂದೆ.

ಆಮೇಲೆ ನಡೆದದ್ದನ್ನು ಸ್ಥಳಾಂತರ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಒಂದೊಂದೇ ಬಂಡೆ ಎತ್ತಿ ಟಬ್ಬಿಗೆ ಹಾಕುತ್ತ ಹೋದೆ. ಪ್ರತಿ ಬಂಡೆಯೂ ಒಂದು ವಠಾರ. ಬುಡದಿಂದ ಏಡಿಮರಿಗಳು ಉದುರಿದವು, ಕೆಲವು ಬಂಡೆ ಜಾರಿದಾಗ ಅಪ್ಪಚ್ಚಿಯಾದವು. ಗುಲಾಬಿ ಬಣ್ಣದ ಹುಳವೊಂದು ತನ್ನ ಮುಳ್ಳುಗಳನ್ನೆಲ್ಲ ನನ್ನ ಅಂಗೈಗೆ ಇಳಿಸಿತು. ಗಾಜಿನ ಪುಡಿ ಮೆತ್ತಿದಂತೆ ಕೈ ಉರಿಯಿತು. ಹವಳವನ್ನು ಎತ್ತುವಾಗ ಅದು ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮುಷ್ಟಿಯಾಯಿತು. ಒಳಗಿನ ಸುಣ್ಣದ ಅಂಚಿಗೆ ಅದರದೇ ಮಾಂಸ ತಾಗಿ ಸೀಳಿತು. ನೀರು ಮಡ್ಡಿಯಾಯಿತು, ಮಡ್ಡಿಯಲ್ಲಿ ನನ್ನ ರಕ್ತವೂ ಸ್ವಲ್ಪ ಇತ್ತು. ಸಂಧ್ಯಾವಂದನೆ ಬಿಟ್ಟರೂ ಸೊಳ್ಳೆ ಬ್ಯಾಟು ಬಿಡದ ತಲೆಮಾರು ನನ್ನದು ನಿಜ. ಆದರೂ ಒಂದು ಬೆಳಗ್ಗೆ ಇಷ್ಟು ಜೀವಗಳನ್ನು ಹೊಸಕಿದ್ದು ಇದೇ ಮೊದಲು, ಅದೂ ಕಾಪಾಡುವ ಕೆಲಸದಲ್ಲಿ.

ಹೆಂಡತಿ ಬಕೆಟ್ ಹಿಡಿದು ನಿಂತಿದ್ದಳು. ದೊಡ್ಡ ಕ್ಲೌನ್ ಅವಳ ಮುಂಗೈಗೆ ಕಚ್ಚಿಯೇ ಬಕೆಟ್ಟಿಗೆ ಇಳಿಯಿತು. “ನೀನು ಇರು,” ಎಂದಳು ಅದಕ್ಕೆ, “ನಿನ್ ಗಂಡನ್ನ ಹೊಡೆಯುವಾಗ ಈ ಪೌರುಷ ಎಲ್ಲಿತ್ತು?”

ಚಿಕ್ಕದು ಸಿಕ್ಕಿದ್ದು ಪಂಪಿನ ಹಿಂದೆ. ಪಕ್ಕೆ ಸಿಪ್ಪೆ ಸುಲಿದ ಹಾಗಿತ್ತು, ಒಳಗಿನ ಕೆಂಪು ಕಾಣುತ್ತಿತ್ತು. ಬಕೆಟ್ಟಿನಲ್ಲಿ ಅದು ಮಗ್ಗುಲಾಗಿ ತೇಲಿ, ಕಿವಿರು ಮಾತ್ರ ಆಡಿಸುತ್ತಿತ್ತು. ಹೆಂಡತಿ ನೀರಿಗೆ ಬೆರಳಿಟ್ಟಳು. ಅದು ಬರಲಿಲ್ಲ.

ಕೊನೆಯ ಬಂಡೆ ಎತ್ತಿದಾಗ ಡ್ಯಾಮ್ಸೆಲ್‌ಗೆ ಬಚ್ಚಿಟ್ಟುಕೊಳ್ಳಲು ಏನೂ ಉಳಿಯಲಿಲ್ಲ. ಅದು ನನ್ನ ಬೆರಳ ಸಂದಿಗೆ ನೇರವಾಗಿ ಬಂದು ಕಚ್ಚಿತು, ಮತ್ತೆ ಕಚ್ಚಿತು, ಮೂರನೆಯ ಬಾರಿ ಗುರಿ ತಪ್ಪಿ ಟ್ಯಾಂಕಿನಿಂದಲೇ ಹಾರಿ ನೆಲಕ್ಕೆ ಬಿತ್ತು. ಆ ಉಪ್ಪು ಒದ್ದೆಯ ನೆಲದಲ್ಲಿ ಪಟಪಟ ಹೊಡೆದುಕೊಳ್ಳುತ್ತ ಸೋಫಾದ ಕಡೆ ಹೊರಟಿತು. ಬಚ್ಚಲಿನಿಂದ ಓಡಿಬಂದ ಭಾವನ ಕೈಯಲ್ಲಿ ಚಪ್ಪಲಿ ಇತ್ತು.

“ಅಣ್ಣಾ! ಚಪ್ಪಲಿ ಬಿಡು! ಜಿರಲೆ ಅಲ್ಲ ಅದು!”

“ಜಿರಲೆಗಿಂತ ಕಡೆ ಇದು. ಬಿಡೇ, ಒಂದೇ ಏಟು.”

ಆ ಕ್ಷಣದಲ್ಲಿ ನಾನು ಬೇಡ ಎನ್ನಲಿಲ್ಲ. ಒಂದು ಹೆಬ್ಬೆರಳಿನಷ್ಟು ಪ್ರಾಣಿ ಚಪ್ಪಲಿಯಡಿ ಸಾಯಲಿ ಎಂದು ನಾನು ಮನಸಾರೆ ಬಯಸುತ್ತಿದ್ದೆ. ಕೊನೆಗೆ ಅದನ್ನು ಸೆರಗಿನಲ್ಲಿ ಹಿಡಿದು ಇನ್ನೊಂದು ಬಕೆಟ್ಟಿಗೆ ಹಾಕಿದ್ದು ಹೆಂಡತಿಯೇ. “ಕೊಲ್ಲೋದಿದ್ರೆ ಇಷ್ಟೆಲ್ಲ ಯಾಕೆ ಬೇಕಿತ್ತು?” ಎಂದಳು, ನಮ್ಮಿಬ್ಬರನ್ನೂ ನೋಡದೆ.

ಉಳಿದ ಡ್ರಮ್ಮುಗಳ ನೀರು, ಹಂಡೆಯ ಬೆಚ್ಚಗಿನ ನೀರು, ಎಲ್ಲ ಸೇರಿ ದೊಡ್ಡ ಟ್ಯಾಂಕು ತುಂಬಿತು. ಆರಡಿಯ ತಿಳಿನೀಲಿ, ಬೆಳಕು ಹಾಕಿದರೆ ಎದೆ ತುಂಬುವಂತಿತ್ತು. ಭಾವ ಹಳೆಯ ಟ್ಯಾಂಕನ್ನು ಅಂಗಳಕ್ಕೆ ಹೊತ್ತು ಹಾಕಿದರು. ನಾನು ಮೊದಲು ಹವಳವನ್ನೂ, ಕೆಂಪು ಬೆನ್ನಿಗೆ ಬಿಳಿ ಗೆರೆಯಿದ್ದ ನಮ್ಮ ಒಂದೇ ಒಂದು ಸಾಕು ಸಿಗಡಿಯನ್ನೂ ಒಳಗೆ ಇಳಿಸಿದೆ. ಫ್ರೀಜರಿನ ಸಿಗಡಿಗೂ ಇದಕ್ಕೂ ಸಂಬಂಧ ಕಲ್ಪಿಸಬಾರದೆಂದು ಮನೆಯಲ್ಲಿ ಒಪ್ಪಂದವಿತ್ತು. ಬಂಡೆಗಳು ಟಬ್ಬಿನಲ್ಲಿ, ಮೀನುಗಳು ಬಕೆಟ್ಟುಗಳಲ್ಲಿ, ಹಳೆಯ ನೀರಿನಲ್ಲೇ ಕಾಯುತ್ತಿದ್ದವು.

ಕೈ ತೊಳೆಯಲು ಬಚ್ಚಲಿಗೆ ಹೋದ ಹೆಂಡತಿ ಅಲ್ಲಿಂದಲೇ ಕೂಗಿದಳು.

“ಅಣ್ಣಾ, ಹಂಡೆ ಒಳಗೆ ತಿಕ್ಕಿದ್ಯಾ? ಹಬ್ಬಕ್ಕೆ ನಾನು ಹುಣಸೆಹಣ್ಣು ಉಪ್ಪು ಹಾಕಿ ರಟ್ಟೆ ಬೀಳೋ ಹಾಗೆ ತಿಕ್ಕಿದ್ರೂ ಇಷ್ಟು ಹೊಳೆಯಲ್ಲ! ಬಂಗಾರದ ಹಾಗೆ ಆಗಿದೆ!”

“ನಾನೆಲ್ಲಿ ತಿಕ್ದೆ? ಸುಮ್ನೆ ನೀರು ಕಲಸ್ದೆ ಅಷ್ಟೇ.”

ನಾನು ಟ್ಯಾಂಕಿನ ಕಡೆ ತಿರುಗಿದೆ. ವರ್ಷಗಟ್ಟಲೆ ಕೂತ ಕಿಲುಬು ಎಲ್ಲಿ ಹೋಯಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಉಪ್ಪು ತಾಮ್ರವನ್ನು ತಿನ್ನುತ್ತದೆ, ಬಿಸಿಯಾದರೆ ಇನ್ನೂ ಬೇಗ ತಿನ್ನುತ್ತದೆ. ತಾಮ್ರ ಹವಳಕ್ಕೂ ಸಿಗಡಿಗೂ ನೇರ ವಿಷ. ಪುಸ್ತಕದ ಮೊದಲ ಪುಟದಲ್ಲೇ ಓದಿದ್ದೆ. ಕರೆಂಟು, ಬ್ಯಾಟರಿ, ಭೂಕಂಪ, ಎಲ್ಲಕ್ಕೂ ಹೆದರಿದ ನನಗೆ ನಮ್ಮ ಬಚ್ಚಲು ಹೊಳೆದಿರಲಿಲ್ಲ.

ಸಿಗಡಿ ಬೆನ್ನಿನ ಮೇಲೆ ಬಿದ್ದಿತ್ತು. ಒಮ್ಮೆಲೇ ಬಿಲ್ಲಿನಂತೆ ಬಗ್ಗಿ ಗಾಜಿಗೆ ಅಪ್ಪಳಿಸಿತು, ಬಿದ್ದಿತು, ಮತ್ತೆ ಅಪ್ಪಳಿಸಿತು. ಕಾಲುಗಳೆಲ್ಲ ಒಂದೊಂದು ದಿಕ್ಕಿಗೆ ನಡುಗುತ್ತಿದ್ದವು. ಹವಳ ಕಂದು ಲೋಳೆಯ ಎಳೆಗಳನ್ನು ಕಾರುತ್ತಿತ್ತು, ಕರುಳು ಹೊರಗೆ ಬಂದ ಹಾಗೆ. ನಾನು ಅಂಗಿಯ ತೋಳೂ ಮಡಚದೆ ಕೈ ಹಾಕಿ ಹವಳವನ್ನು ಕಿತ್ತು ಮೇಲೆತ್ತಿದೆ. ಸಿಗಡಿಯನ್ನು ಎತ್ತುವಷ್ಟರಲ್ಲಿ ಅದು ಅಂಗೈಯಲ್ಲಿ ಒಮ್ಮೆ ಸೆಟೆದು ಸುಮ್ಮನಾಯಿತು.

ಅಂಗಳದಿಂದ ಭಾವನ ದನಿ ಬಂತು. “ಈ ಹಳೇದು ಹೇಗೂ ಬೇಡ. ಒಡೆದು ಗಾಜು ಮೂಟೆ ಕಟ್ಲಾ?”

“ಭಾವಾ, ಮುಟ್ಟಬೇಡಿ! ಹೊಸದರ ತುಂಬ ಹಂಡೆಯ ತಾಮ್ರ, ವಿಷ!” ನಾನು ಅಷ್ಟು ಜೋರಾಗಿ ಕೂಗಿದ್ದನ್ನು ನನ್ನ ತರಗತಿಯವರೂ ಕೇಳಿಲ್ಲ. ಸುತ್ತಿಗೆ ಎತ್ತಿದ ಭಾವ ಹಾಗೆಯೇ ನಿಂತುಬಿಟ್ಟರು.

“ಇನ್ನೆಲ್ಲಿಂದ ತರ್ತೀರಿ ನೀರು?” ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತ ಹೆಂಡತಿಯ ದನಿ ಒಡೆದಿತ್ತು. “ಎಲ್ಲ ಆ ವಿಷದೊಳಗೆ ಸುರಿದ್ರಲ್ಲ. ಇದು ಇನ್ನೆಷ್ಟು ಹೊತ್ತು ಈ ಬಕೆಟ್ಟಲ್ಲಿ ಇರುತ್ತೆ?”

ನಾನು ಮೆಟ್ಟಿಲ ಕೆಳಗೆ ಹೋಗಿ ಬೆಡ್‌ಶೀಟ್ ಎಳೆದೆ. ಭಾವ ಡ್ರಮ್ಮನ್ನು ನೋಡಿದರು, ನನ್ನನ್ನು ನೋಡಿದರು.

“ಎಲಾ ಮೇಷ್ಟ್ರೇ! ಇದನ್ನ ಬಚ್ಚಿಟ್ಕೊಂಡು ನನ್ನ ಕೈಲಿ ಒಲೆ ಊದಿಸಿದ್ಯಲ್ಲೋ!”

ನಾನು ಡ್ರಮ್ಮನ್ನು ನಡುಮನೆಗೆ ಎಳೆದೆ. ಹಳೆಯ ಟ್ಯಾಂಕು ಮತ್ತೆ ಒಳಗೆ ಬಂತು. ಹಳೆಯ ನೀರು, ಆ ಡ್ರಮ್ಮಿನ ನೀರು, ಬಂಡೆಗಳು, ಹವಳ, ಕ್ಲೌನ್ ಜೋಡಿ, ಎಲ್ಲ ವಾಪಸು. ಡ್ಯಾಮ್ಸೆಲ್ ಬಕೆಟ್ಟು ಮಾತ್ರ ಉಳಿಯಿತು. ಮೀನು ಸ್ವಲ್ಪ ತಾಮ್ರ ತಡೆಯುತ್ತದೆ, ರೋಗ ಬಂದರೆ ಮದ್ದಾಗಿ ಕೊಡುವುದೂ ಉಂಟು. ಹಂಡೆಯ ತಾಮ್ರ ಮದ್ದಿನಷ್ಟೋ ವಿಷದಷ್ಟೋ ನನಗೆ ಗೊತ್ತಿರಲಿಲ್ಲ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಕೆಟ್ ಎತ್ತಿ ಅದನ್ನು ಆರಡಿಯ ನೀಲಿಗೆ ಸುರಿದಳು.

ಯಾರಿಗಾಗಿ ಇಷ್ಟು ಕಷ್ಟಪಟ್ಟೆವೋ ಅವು ಹಳೆಯ ಗೂಡಿಗೆ ಹೋದವು, ಅರಮನೆ ಕೊಲೆಗಾರನಿಗೆ ಸಿಕ್ಕಿತು.

ಅದು ಸಾಯಲಿಲ್ಲ. ಅಂಗಡಿಯವನು ಹೇಳಿದ್ದು ನಿಜ. ಆದರೆ ಒಂದು ಬಂಡೆಯೂ ಇಲ್ಲದ ಆ ನೀರಿನಲ್ಲಿ ಹೊಡೆಯಲು ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಗಾಜಿನಲ್ಲಿ ಕಂಡ ತನ್ನದೇ ಬಿಂಬಕ್ಕೆ ಗುದ್ದುತ್ತಿತ್ತು. ಶಾಲೆಯಿಂದ ಬಂದಾಗಲೂ ಗುದ್ದುತ್ತಿತ್ತು. ಮೂತಿ ಬಿಳಿಚಿ ತುಟಿ ಹರಿದಿತ್ತು. ಠಕ್, ಠಕ್ ಎಂಬ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಗಾಜು ಕೂಡಿಸಿದ ಅಂಟು ತಾಮ್ರ ಕುಡಿದಿದೆ, ಈ ಟ್ಯಾಂಕು ಇನ್ನು ಹವಳಕ್ಕೆ ಬಾರದು ಎಂದು ನಾನು ವಿವರಿಸುತ್ತಿದ್ದರೆ ಭಾವ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದರು.

“ಒಂದೇ ಏಟಿಗೆ ಬಿಡೋ ಜಾತಿ ಅಲ್ಲ ಕಣೋ ಇದು. ನಮ್ಮ ಪ್ಲಾಂಟಲ್ಲಿ ಇಂಥವನೊಬ್ಬ ಇದ್ದ,” ಎಂದರು. ಆ ಒಬ್ಬ ಸ್ವತಃ ಭಾವನೇ ಎಂದು ಅಕ್ಕಪಕ್ಕದವರಿಗೂ ಗೊತ್ತು. ಅದೇ ಆಟೋದಲ್ಲಿ ಟ್ಯಾಂಕು, ಸ್ಟ್ಯಾಂಡು, ಬಕೆಟ್ಟಿನಲ್ಲಿ ಡ್ಯಾಮ್ಸೆಲ್, ಎಲ್ಲ ಭದ್ರಾವತಿಗೆ ಹೋದವು. ಈ ಬಾರಿ ಹಂಪುಗಳಿಗೆ ಯಾರೂ ಕೂಗಲಿಲ್ಲ.

ಹವಳದ ಅರ್ಧ ತಲೆಗಳು ಕರಗಿ ಕೊಳೆತು ಹೋದವು, ಬಿಳಿ ಸುಣ್ಣದ ಬಾಯಿಗಳು ಹಾಗೇ ತೆರೆದುಕೊಂಡು ಉಳಿದವು. ಉಳಿದರ್ಧ ನಿಧಾನಕ್ಕೆ ಬೆರಳು ಚಾಚಿತು. ಚಿಕ್ಕದು ಅದರೊಳಗೆ ಮಲಗಿಯೇ ಇತ್ತು. ದೊಡ್ಡದು ದಿನವೂ ಬಂದು ಅದಕ್ಕೆ ಎರಡು ಗುದ್ದು ಕೊಟ್ಟು ಹೋಗುತ್ತಿತ್ತು. ಅದು ಅವರ ಸಂಸಾರದ ಪದ್ಧತಿ ಎಂದು ನಾನು ಎಷ್ಟು ಹೇಳಿದರೂ ಹೆಂಡತಿ ದೊಡ್ಡದನ್ನು ಕ್ಷಮಿಸಲಿಲ್ಲ. ಅವಳು ದಿನಾ ಕೂತು ನೀರಿಗೆ ಬೆರಳು ಅದ್ದುತ್ತಿದ್ದಳು, ಅದು ಬರುತ್ತಿರಲಿಲ್ಲ. ಕುರುಡಾದ ಕಣ್ಣಿನ ಕಡೆಯಿಂದ ಬೆರಳು ಕಾಣುವುದಿಲ್ಲವೇನೋ ಎಂದು ನಾನು ಹೇಳಿದ ಮೇಲೆ ಕುರ್ಚಿಯನ್ನು ಇನ್ನೊಂದು ಬದಿಗೆ ಹಾಕಿಕೊಂಡಳು.

ಒಂದು ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅವಳು “ಅಯ್ಯಮ್ಮಾ!” ಎಂದು ಚೀರಿದಳು. ಪೆನ್ನು ಎಸೆದು ಓಡಿದೆ. ಅವಳು ಕೈ ಮೇಲೆತ್ತಿದ್ದಳು, ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಕೆಳಗೆ, ಅರ್ಧ ಬಾಲದ, ಒಂಟಿ ಕಣ್ಣಿನ ಮೀನು ಹವಳದ ಮುಂದೆ ರೆಕ್ಕೆ ಬಿಚ್ಚಿ ನಿಂತು ಇನ್ನೊಂದು ಸಲ ಬಾ ಎನ್ನುವಂತೆ ನೋಡುತ್ತಿತ್ತು. ಅವಳ ಬೆರಳ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಕಾಣಿಸಿಕೊಂಡಿತು.

“ಕಚ್ಚಿತು ರೀ!” ಎಂದಳು, ಬೆರಳನ್ನು ಬೆಳಕಿಗೆ ಹಿಡಿದು. “ನೋಡಿ ಇಲ್ಲಿ, ರಕ್ತ ಬರೋ ಹಾಗೆ ಕಚ್ಚಿದೆ!”

ಅವಳನ್ನು ಅಷ್ಟು ಸಂತೋಷದಲ್ಲಿ ನೋಡಿ ಬಹಳ ದಿನವಾಗಿತ್ತು. ನಾನು ಅರಿಶಿನದ ಡಬ್ಬಿ ತರಲು ಓಡಿದೆ.